ಪತ್ತನಾಜೆಯಿಂದ ದೀಪಾವಳಿಯವರೆಗೆ ಪರ್ಲ್ ಜಾಮ್: ಕೇಳುವ ಕೂಟ ಕಟ್ಟುವುದು ಹೇಗೆ?

ಪತ್ತನಾಜೆ ಕಳೆದರೆ ನಮ್ಮ ಕಾಸರಗೋಡಿನ ರಾತ್ರಿಗಳು ಒಮ್ಮೆಲೇ ಬರಿದಾಗುತ್ತವೆ. ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24–25ರ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಮತ್ತೆ ಊರಿನ ಗದ್ದೆಯಲ್ಲಿ ಚೆಂಡೆ ಕೇಳಬೇಕಾದರೆ ದೀಪಾವಳಿ ಕಳೆಯಬೇಕು. ನಡುವೆ ಉಳಿಯುವುದು ಹೆಚ್ಚುಕಡಿಮೆ ಇಪ್ಪತ್ತನಾಲ್ಕು ವಾರ, ಜೊತೆಗೆ ಮಳೆ. ಸಿಯಾಟಲ್‌ನಲ್ಲಿ 1990ರಲ್ಲಿ ಹುಟ್ಟಿದ ಪರ್ಲ್ ಜಾಮ್ ಎಂಬ ರಾಕ್ ತಂಡ 2024ರವರೆಗೆ ಹೊರತಂದ ಸ್ಟುಡಿಯೋ ಆಲ್ಬಂಗಳು ಹನ್ನೆರಡು. ಒಂದು ಭಾನುವಾರ ಆಲ್ಬಂ, ಮರು ಭಾನುವಾರ ಅದೇ ಕಾಲದ ಒಂದು ಪ್ರದರ್ಶನ ಎಂದಿಟ್ಟುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಲೆಕ್ಕ ಸರಿಹೋದರೂ ಮೊದಲ ಮಳೆಗಾಲದಲ್ಲಿ ನಮ್ಮ ಕೂಟ ನಾಲ್ಕನೆಯ ಆಲ್ಬಂಗೇ ಮುರಿದುಬಿತ್ತು. ಯಾವ ಆಲ್ಬಂ ಶ್ರೇಷ್ಠ ಎಂಬ ಜಗಳದಲ್ಲಿ ಇಬ್ಬರು ಮಾತು ಬಿಟ್ಟರು. ಎರಡನೆಯ ಮಳೆಗಾಲದಲ್ಲಿ ಪೂರ್ತಿ ಮುಗಿಸಿದೆವು. ವ್ಯತ್ಯಾಸ ತಂದವರು ಒಬ್ಬ ನಿವೃತ್ತ ಕನ್ನಡ ಮಾಷ್ಟ್ರು. ಮಳೆ ನಿಲ್ಲಲೆಂದು ನಮ್ಮ ಜಗಲಿ ಹತ್ತಿದವರು, ಅರ್ಧ ಗಂಟೆ ಕೇಳಿಸಿಕೊಂಡು, "ನೀವು ಆಟದ ಬಗ್ಗೆ ಮಾತನಾಡುವಾಗ ಹೀಗೆ ಮಾತನಾಡುವುದಿಲ್ಲವಲ್ಲ?" ಎಂದರು. ನಿಜ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದವರು ಯಾವ ಪ್ರಸಂಗ ಶ್ರೇಷ್ಠ ಎಂದು ಕಾದಾಡುವುದಿಲ್ಲ. ಆ ದಿನ ಭಾಗವತರು ಆ ಪದ್ಯವನ್ನು ಹೇಗೆ ಎತ್ತಿದರು, ಚೆಂಡೆ ಎಲ್ಲಿ ತಡೆಯಿತು, ಎರಡು ಗಂಟೆಯ ಮೇಲೆ ಆಟ ಹೇಗೆ ರಂಗೇರಿ ರೈಸಿತು ಎಂದು ಹೇಳುತ್ತೇವೆ. ಈ ಲೇಖನದ ಉಪಾಯಗಳೆಲ್ಲ ಅಲ್ಲಿಂದ ಹುಟ್ಟಿದವು.

ಜನ, ಜಾಗ, ಸ್ಪೀಕರ್

ಐವರಿಂದ ಏಳು ಮಂದಿ ಸಾಕು. ಮೂವರಿದ್ದರೆ ಒಬ್ಬ ತಪ್ಪಿದ ದಿನ ಕೂಟವಿಲ್ಲ. ಎಂಟು ದಾಟಿದರೆ ಅಡುಗೆಮನೆಯವರು ಮುಖ ತಿರುಗಿಸುತ್ತಾರೆ. ಹಲಸಿನ ಹಪ್ಪಳ ಕಾಯಿಸುವ ಕೆಲಸ ಸರದಿಯಂತೆ ಗಂಡಸರೇ ಮಾಡಿದರೆ ಮುಂದಿನ ವಾರಕ್ಕೂ ಮನೆಯ ಬಾಗಿಲು ತೆರೆದಿರುತ್ತದೆ.

ಜಾಗ ಆರಿಸುವಾಗ ತಲೆಯ ಮೇಲೆ ಏನಿದೆ ನೋಡಿ. ನಾವು ಮೊದಲು ಕೂತದ್ದು ಅಡಿಕೆ ಒಣಗಿಸುವ ತಗಡಿನ ಮಾಡಿನ ಕೆಳಗೆ. ಜೂನ್ ಮಳೆ ಬಡಿಯತೊಡಗಿದರೆ ಜೆಫ್ ಅಮೆಂಟ್ ಅವರ ಬೇಸ್ ಗಿಟಾರ್ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಶಬ್ದ ಹೆಚ್ಚಿಸಿದರೆ ಗಿಟಾರ್ ಕಿವಿ ಕೊರೆಯುತ್ತಿತ್ತು. ಹಂಚಿನ ಮಾಡಿನ ಚಾವಡಿಗೆ ಬಂದ ಮೇಲೆ ಮಳೆ ಹಿಂದಕ್ಕೆ ಸರಿದು ಶ್ರುತಿಯಂತೆ ನಿಂತಿತು. ಸ್ಪೀಕರ್ ಎರಡು ಇರಲಿ, ನೆಲದ ಮೇಲೆ ಬೇಡ, ಗೋಡೆಗೆ ತಾಗಿಸಿಯೂ ಬೇಡ. ಅಂಗೈಯಗಲದ ಒಂದೇ ಬ್ಲೂಟೂತ್ ಸ್ಪೀಕರ್‌ನಲ್ಲಿ ಈ ತಂಡವನ್ನು ಕೇಳಬೇಡಿ. ಇಲ್ಲಿ ಸ್ಟೋನ್ ಗೊಸಾರ್ಡ್ ಮತ್ತು ಮೈಕ್ ಮೆಕ್‌ಕ್ರೆಡಿ ಎಂಬ ಇಬ್ಬರು ಗಿಟಾರ್‌ನವರು. ಒಬ್ಬರು ಹಾಡಿನ ನಡೆಯನ್ನು ಹಿಡಿದರೆ ಇನ್ನೊಬ್ಬರು ಅದರ ಮೇಲೆ ಓಡಾಡುತ್ತಾರೆ. ಎಡ ಬಲ ಬೇರೆಯಾಗದಿದ್ದರೆ ಇಬ್ಬರೂ ಒಬ್ಬರಾಗಿಬಿಡುತ್ತಾರೆ.

ಹಾಡುಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಗಾಳಿಗೆ ಅಡಿಕೆ ಮರ ತಂತಿಯ ಮೇಲೆ ಬಿದ್ದ ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಇನ್ವರ್ಟರ್ ಇರುವ ಮನೆಯವರನ್ನು ಕೂಟಕ್ಕೆ ಸೇರಿಸಿಕೊಳ್ಳುವುದು ಸ್ವಾರ್ಥವೇನೂ ಅಲ್ಲ.

ಆಲ್ಬಂಗಳನ್ನು ಚೆಂಡೆಯವರ ಲೆಕ್ಕದಲ್ಲಿ ಹಂಚಿ

ಹನ್ನೆರಡು ಆಲ್ಬಂಗಳ ಹೆಸರನ್ನು ಒಂದರ ಕೆಳಗೊಂದು ಬರೆದುಕೊಂಡು ಕೂತರೆ ಹೊಸಬರಿಗೆ ಮೂರನೆಯ ವಾರಕ್ಕೇ ದಾರಿ ತಪ್ಪುತ್ತದೆ. ಹಾಡುಗಾರ ಎಡ್ಡಿ ವೆಡ್ಡರ್, ಗೊಸಾರ್ಡ್, ಅಮೆಂಟ್, ಮೆಕ್‌ಕ್ರೆಡಿ ಈ ನಾಲ್ವರು ಮೊದಲಿನಿಂದ ಕದಲಿಲ್ಲ. ಬದಲಾದವರು ಡ್ರಮ್ಸ್‌ನವರು. ಚೆಂಡೆಯವರು ಬದಲಾದರೆ ಮೇಳದ ನಡಿಗೆಯೇ ಬದಲಾಗುವುದನ್ನು ಕಂಡವರಿಗೆ ಈ ಹಂಚಿಕೆ ಸುಲಭವಾಗಿ ಹಿಡಿಸುತ್ತದೆ.

1991ರ ಆಗಸ್ಟ್‌ನಲ್ಲಿ ಬಂದ "ಟೆನ್" ಒಂದಕ್ಕೆ ಮಾತ್ರ ಡೇವ್ ಕ್ರೂಸೆನ್. 1993ರ "ವರ್ಸಸ್" ಮತ್ತು 1994ರ "ವೈಟಾಲಜಿ"ಗೆ ಡೇವ್ ಅಬ್ರೂಝೀಸ್. ಎರಡನೆಯದು ಮುಗಿಯುವ ಹೊತ್ತಿಗೆ ಅವರೂ ತಂಡದಿಂದ ಹೊರಗೆ. 1996ರ "ನೋ ಕೋಡ್", 1998ರ "ಯೀಲ್ಡ್" ಜ್ಯಾಕ್ ಐರನ್ಸ್ ಅವರವು. ಅಲ್ಲಿಂದ ಮುಂದೆ 2000ದ "ಬೈನಾರಲ್"ನಿಂದ 2024ರ "ಡಾರ್ಕ್ ಮ್ಯಾಟರ್"ವರೆಗಿನ ಏಳೂ ಮ್ಯಾಟ್ ಕ್ಯಾಮರಾನ್ ಕೈಯಲ್ಲಿ ಬಂದವು. ಅವರು 2025ರ ಜುಲೈಯಲ್ಲಿ ತಂಡ ಬಿಟ್ಟರು. ಒಂದು, ಎರಡು, ಎರಡು, ಏಳು. ಐರನ್ಸ್ ಕಾಲದಲ್ಲಿ ತಾಳ ನೆಲಕ್ಕೆ ಇಳಿದು ಉರುಳುತ್ತದೆ, ಕ್ಯಾಮರಾನ್ ಬಂದ ಮೇಲೆ ಅಂಚು ಚೂಪಾಗುತ್ತದೆ. ಮಾಷ್ಟ್ರು ಇಂಗ್ಲಿಷ್ ಪದ ಒಂದನ್ನೂ ಹಿಡಿಯದೆ, ತೊಡೆಯ ಮೇಲೆ ತಾಳ ಹಾಕುತ್ತಲೇ "ಇಲ್ಲಿ ಆಳು ಬದಲಾಗಿದ್ದಾನೆ" ಎಂದು ಹೇಳಿದ್ದನ್ನು ನಾವು ಐವರೂ ಕಂಡಿದ್ದೇವೆ.

ಈ ಐರನ್ಸ್ ಅವರ ಕಥೆಯನ್ನು ಮೊದಲ ದಿನವೇ ಹೇಳಿಬಿಡಿ. ತಂಡಕ್ಕೆ ಹಾಡುಗಾರ ಸಿಕ್ಕದ್ದು ಅವರಿಂದ. ಗೊಸಾರ್ಡ್ ಮತ್ತು ಅಮೆಂಟ್ ಇದ್ದ ಹಿಂದಿನ ತಂಡ ಮದರ್ ಲವ್ ಬೋನ್. ಅದರ ಹಾಡುಗಾರ ಆಂಡ್ರ್ಯೂ ವುಡ್ 1990ರ ಮಾರ್ಚ್‌ನಲ್ಲಿ ತೀರಿಕೊಂಡರು. ಉಳಿದವರು ಮಾತಿಲ್ಲದ ಸಂಗೀತವನ್ನಷ್ಟೇ ಕ್ಯಾಸೆಟ್‌ನಲ್ಲಿ ತುಂಬಿಸಿ ಐರನ್ಸ್ ಕೈಗೆ ಕೊಟ್ಟರು. ಅದು ಸ್ಯಾನ್ ಡಿಯೇಗೋದಲ್ಲಿದ್ದ ವೆಡ್ಡರ್‌ಗೆ ತಲುಪಿತು. ಕಡಲಿನ ಅಲೆಗಳ ಮೇಲೆ ಹಲಗೆ ಆಟ ಆಡಿಕೊಂಡಿದ್ದ ಆ ಯುವಕ ಅದಕ್ಕೆ ಪದ ಕೂಡಿಸಿ, ಹಾಡಿ, ಹಿಂದಕ್ಕೆ ಕಳಿಸಿದರು. ನಮ್ಮಲ್ಲಿ ಕವಿ ಪ್ರಸಂಗ ಬರೆದಿಟ್ಟ ಮೇಲೆ ಭಾಗವತರು ಅದನ್ನು ಎತ್ತಿಕೊಳ್ಳುತ್ತಾರೆ. ಇಲ್ಲಿ ತಾಳ ಮದ್ದಳೆ ಮೊದಲು, ಸಾಹಿತ್ಯ ಆಮೇಲೆ.

ಮಧ್ಯದ ಕೆಲವು ಆಲ್ಬಂಗಳಲ್ಲಿ ಕೂಟ ಜಗ್ಗುತ್ತದೆ, ಮುಚ್ಚಿಡುವುದೇಕೆ? 2006ರ ತಂಡದ ಹೆಸರಿನದೇ ಆಲ್ಬಂ, 2009ರ "ಬ್ಯಾಕ್‌ಸ್ಪೇಸರ್", 2013ರ "ಲೈಟ್ನಿಂಗ್ ಬೋಲ್ಟ್" ಇವುಗಳನ್ನು ಮಳೆ ಜೋರಿರುವ ಆಟಿ ತಿಂಗಳಲ್ಲಿ ಒಂದರ ಹಿಂದೊಂದು ಮುಗಿಸಿಬಿಡಿ. "ಬ್ಯಾಕ್‌ಸ್ಪೇಸರ್" ಹೇಗೂ ನಲವತ್ತು ನಿಮಿಷ ತುಂಬುವುದಿಲ್ಲ.

ಒಂದೇ ಉಸಿರಿಗೆ ಕೇಳಿ

ಆಲ್ಬಂ ಓಡುತ್ತಿರುವಾಗ ಮಾತಿಲ್ಲ, ಮೊಬೈಲ್ ಇಲ್ಲ, ಹಾಡು ದಾಟಿಸುವುದಿಲ್ಲ. ಈ ನಿಯಮದ ಹಿಂದೆ ನನ್ನದೇ ಒಂದು ಪೆಟ್ಟು ಇದೆ. ನನ್ನ ಮೊದಲ "ಟೆನ್" ಮಂಗಳೂರಿನ ಒಂದು ಅಂಗಡಿಯವರು ನಕಲು ಮಾಡಿಕೊಟ್ಟ ಕ್ಯಾಸೆಟ್. ಕೊನೆಯ ಹಾಡು ಮುಗಿದು ಸದ್ದಡಗಿದ ತಕ್ಷಣ ನಕಲು ಮಾಡಿದವರು ಗುಂಡಿ ಒತ್ತಿ ನಿಲ್ಲಿಸಿದ್ದರು. ಆ ಮೌನದ ಆಚೆಗೆ ಸಂಗೀತ ಇನ್ನೂ ಇದೆ. ಆಲ್ಬಂ ಶುರುವಾಗುವಾಗ ಮಂಜಿನಂತೆ ಬಂದ ಅದೇ ತುಣುಕು ಕೊನೆಯಲ್ಲಿ ಮರಳಿ ಬರುತ್ತದೆ. ಆರು ವರ್ಷ ನನಗೆ ಅದು ಗೊತ್ತಿರಲಿಲ್ಲ. ಮಂಗಳ ಹಾಡುವ ಮೊದಲೇ ಚಾಪೆ ಸುತ್ತಿ ಹೊರಟವನ ಹಾಗಾಗಿತ್ತು ನನ್ನ ಸ್ಥಿತಿ. ಆದ್ದರಿಂದ ಸದ್ದು ನಿಂತ ಮೇಲೂ ಒಂದು ನಿಮಿಷ ಕಾಯಿರಿ.

"ಟೆನ್" ವಾರ ಇನ್ನೊಂದು ಕೆಲಸ ಮಾಡಬಹುದು. ಮೂಲ ಆಲ್ಬಂನಲ್ಲಿ ಎಲ್ಲ ವಾದ್ಯಗಳೂ ದೊಡ್ಡ ಗುಹೆಯೊಳಗೆ ನುಡಿದಂತೆ ಮೊಳಗುತ್ತವೆ. ತಂಡದವರಿಗೇ ಆ ಮೊಳಗು ಹಿಡಿಸಿರಲಿಲ್ಲ. 2009ರಲ್ಲಿ ಬ್ರೆಂಡನ್ ಒ'ಬ್ರಯನ್ ಅದೇ ಧ್ವನಿಮುದ್ರಣವನ್ನು ಹೊಸದಾಗಿ ಮಿಶ್ರಣ ಮಾಡಿಕೊಟ್ಟರು. ಒಂದೇ ಹಾಡನ್ನು ಎರಡರಲ್ಲೂ ಕೇಳಿಸಿ. ನಮ್ಮಲ್ಲಿ ಮೂವರು ಹಳೆಯದಕ್ಕೇ ನಿಂತರು. ನಾನು ಹೊಸದರ ಕಡೆ, ಏಕೆಂದರೆ ಅಲ್ಲಿ ಬೇಸ್ ಗಿಟಾರ್ ಕಾಣಿಸುತ್ತದೆ. "ಬೈನಾರಲ್" ಬಂದಾಗ ಮಾತ್ರ ಸ್ಪೀಕರ್ ಬಂದ್ ಮಾಡಿ, ಹೆಡ್‌ಫೋನ್ ಹಂಚಿಕೊಳ್ಳಿ. ಅದರ ಹೆಸರೇ ಎರಡು ಕಿವಿಗಳ ಜಾಗದಲ್ಲಿ ಎರಡು ಮೈಕ್ ಇಟ್ಟು ಮುದ್ರಿಸುವ ವಿಧಾನದ್ದು. ಕೆಲವು ಹಾಡುಗಳನ್ನು ಹಾಗೆಯೇ ಮುದ್ರಿಸಿದ್ದಾರೆ.

ಮನೆಯ ಹಿರಿಯರು "ಇದೇನು ಗಲಾಟೆ" ಎಂದರೆ ವಾದಕ್ಕೆ ಇಳಿಯಬೇಡಿ. 1995ರ ಸುಮಾರಿಗೆ ವೆಡ್ಡರ್ ಒಂದು ಸಿನಿಮಾಕ್ಕಾಗಿ ಕವ್ವಾಲಿಯ ನುಸ್ರತ್ ಫತೇ ಅಲಿ ಖಾನ್ ಅವರ ಜೊತೆ ಎರಡು ಹಾಡು ಹಾಡಿದ್ದಾರೆ. ಅವನ್ನು ಹಾಕಿ. ನನ್ನ ಅತ್ತೆ ಬಾಗಿಲ ಬಳಿ ನಿಂತು ಕೇಳಿದವರು ಕೂತರು, ಆಮೇಲೆ ವಾರವಾರವೂ ಕೂತರು. ಕಂಠ ಒಗ್ಗಿದ ಮೇಲೆ ಗಿಟಾರ್ ಒಗ್ಗಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಪ್ರದರ್ಶನದ ವಾರ

ಈ ತಂಡದ ನಿಜವಾದ ಸೊಗಸು ಇಲ್ಲಿದೆ, ಆದ್ದರಿಂದ ಇಲ್ಲಿ ಅವಸರ ಬೇಡ. ಅನೇಕ ತಂಡಗಳು ತಿರುಗಾಟದ ಮೊದಲ ದಿನ ಮಾಡಿದ ಪಟ್ಟಿಯನ್ನೇ ಕೊನೆಯ ದಿನದವರೆಗೆ ನುಡಿಸುತ್ತವೆ. ಪರ್ಲ್ ಜಾಮ್ ಹಾಗಲ್ಲ; ಪ್ರತಿ ರಾತ್ರಿಗೂ ಬೇರೆ ಪಟ್ಟಿ, ಅದೂ ವೆಡ್ಡರ್ ಕೈಬರಹದ್ದು. ನಿನ್ನೆ ಬಂದವರಿಗೆ ಇವತ್ತಿನದು ಹೊಸ ಆಟ. ಅಭಿಮಾನಿಗಳು ಪ್ರದರ್ಶನಗಳನ್ನು ಕದ್ದು ಮುದ್ರಿಸಿದ ಪ್ರತಿಗಳು ದುಬಾರಿ ಬೆಲೆಗೆ ಮಾರಾಟವಾಗುತ್ತಿದ್ದುದನ್ನು ಕಂಡ ತಂಡ, 2000ದ ತಿರುಗಾಟದ ಆಟಗಳನ್ನು ತಾನೇ ಮುದ್ರಿಸಿ ಕಡಿಮೆ ಬೆಲೆಗೆ ಮಾರಿತು: ಒಟ್ಟು ಎಪ್ಪತ್ತೆರಡು ಆಲ್ಬಂ. ಮೈಕಿನ ಕೆಳಗೆ ಟೇಪ್ ರೆಕಾರ್ಡರ್ ಇಟ್ಟು ತಾಳಮದ್ದಳೆ ಮುದ್ರಿಸಿಕೊಂಡು, ಅದನ್ನು ಕೇಳಿಯೇ ಬೇಸಗೆ ಕಳೆದ ನಮ್ಮ ತಲೆಮಾರಿಗೆ ಈ ಹುಚ್ಚಿನ ಬಗ್ಗೆ ಬೇರೆ ವಿವರಣೆ ಬೇಡ.

ಎಪ್ಪತ್ತೆರಡರಲ್ಲಿ ಮುಳುಗಬೇಡಿ. ಅಡಿಕೆಗೆ ಬೋರ್ಡೋ ದ್ರಾವಣ ಬಿಡುವ ವಾರ, ಮದುವೆ ವಾರ, ಜ್ವರದ ವಾರ ಹೇಗೂ ತಪ್ಪುತ್ತವೆ. ಐದು ಪ್ರದರ್ಶನ ಸಾಕು. 1992ರ ಮಾರ್ಚ್ 16ರಂದು ನ್ಯೂಯಾರ್ಕ್‌ನಲ್ಲಿ ಟಿವಿಗಾಗಿ ಅಕೂಸ್ಟಿಕ್ ಗಿಟಾರ್‌ಗಳಲ್ಲಿ ನುಡಿಸಿದ್ದು. 1994ರ ಏಪ್ರಿಲ್ 3ರಂದು ಅಟ್ಲಾಂಟಾದಿಂದ ರೇಡಿಯೋದಲ್ಲಿ ನೇರ ಪ್ರಸಾರವಾದದ್ದು. 2000ದ ಅಕ್ಟೋಬರ್ 22ರ ಲಾಸ್ ವೇಗಸ್. ಮೊದಲ ಪ್ರದರ್ಶನಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ಆ ರಾತ್ರಿ, ತೀರಿಹೋದ ಆಂಡ್ರ್ಯೂ ವುಡ್ ಅವರ ಹಾಡೊಂದನ್ನು ಈ ತಂಡ ಮೊದಲ ಬಾರಿಗೆ ಹಾಡಿತು. 2003ರ ಅಕ್ಟೋಬರ್ 22ರಂದು ಸಿಯಾಟಲ್‌ನ ಬೆನರೋಯಾ ಹಾಲ್‌ನಲ್ಲಿ ಮತ್ತೆ ಅಕೂಸ್ಟಿಕ್. ಕೊನೆಯದು 2013ರ ಜುಲೈ 19, ಚಿಕಾಗೋದ ರಿಗ್ಲಿ ಫೀಲ್ಡ್ ಮೈದಾನ: ಶುರುವಾದ ಸ್ವಲ್ಪ ಹೊತ್ತಿಗೇ ಸಿಡಿಲು ಮಳೆ, ಎರಡು ಗಂಟೆಗೂ ಹೆಚ್ಚು ವಿರಾಮ, ಆಮೇಲೆ ರಾತ್ರಿ ಎರಡರವರೆಗೆ ಆಟ. ಮಳೆ ಬಂದಾಗ ವೇಷ ಕಟ್ಟುವ ಚೌಕಿಯೊಳಗೆ ನುಗ್ಗಿ, ನಿಂತ ಮೇಲೆ ಒದ್ದೆ ಗದ್ದೆಯಲ್ಲಿ ಮತ್ತೆ ಕೂತ ನಮ್ಮವರಿಗೆ ಇದು ಹೊರಗಿನ ಕಥೆ ಅನ್ನಿಸುವುದಿಲ್ಲ.

ಕೇಳುವ ಕ್ರಮ ಹೀಗೆ: ಒಂದು ಹಾಡನ್ನು ಮೊದಲು ಆಲ್ಬಂನಲ್ಲಿ, ತಕ್ಷಣ ಅದನ್ನೇ ಪ್ರದರ್ಶನದಲ್ಲಿ. ಆಮೇಲೆ ಒಂದೇ ಪ್ರಶ್ನೆ. ಹೆಚ್ಚು ಬಂದದ್ದು ಏನು, ಬಿಟ್ಟುಹೋದದ್ದು ಏನು? ಚೆನ್ನಾಗಿದೆಯೇ ಎಂದು ಕೇಳಬೇಡಿ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಅದೇ ಪದ್ಯವನ್ನು ಇಬ್ಬರು ಭಾಗವತರು ಎರಡು ಊರಿನಲ್ಲಿ ಹಾಡಿದ್ದನ್ನು ಹೋಲಿಸುವಾಗ ನಾವು ಕೇಳುವ ಪ್ರಶ್ನೆಯೂ ಅದೇ. ನಮ್ಮ ಪುಸ್ತಕದ ಒಂದು ಪುಟ ಇಲ್ಲಿದೆ:

"ಹಾಡು: ಬ್ಲ್ಯಾಕ್. ಆಟ: ನ್ಯೂಯಾರ್ಕ್, 1992. ಆಲ್ಬಂನಲ್ಲಿ ಕೊನೆಗೆ ಕಂಠವೂ ಗಿಟಾರೂ ಮೆಲ್ಲಗೆ ದೂರ ಸರಿಯುತ್ತವೆ. ಇಲ್ಲಿ ಹಾಡುಗಾರರು ದೂರ ಸರಿಯಲು ಬಿಡಲಿಲ್ಲ. ಆಲ್ಬಂನಲ್ಲಿ ಇಲ್ಲದ ಒಂದು ಸಾಲನ್ನು ಹಿಡಿದು ಮತ್ತೆ ಮತ್ತೆ ಹೇಳಿದರು. ಮಾಷ್ಟ್ರು: 'ಪದ್ಯ ಮುಗಿದಿದೆ, ಪಾತ್ರ ರಂಗದಿಂದ ಇಳಿಯಲು ಒಪ್ಪುತ್ತಿಲ್ಲ.' ನಡುವೆ ಕರೆಂಟು ಹೋಯಿತು, ಇನ್ವರ್ಟರ್ ಹಿಡಿಯಿತು, ಯಾರೂ ಏಳಲಿಲ್ಲ. ಹಪ್ಪಳ ಸೀದಿತ್ತು."

ಹೀಗೆಯೇ ಬರೆಯಿರಿ: ಹಾಡು, ಊರು, ದಿನಾಂಕ, ಕಿವಿಗೆ ಬಿದ್ದದ್ದು, ಮಳೆ ಇತ್ತೇ, ಯಾರು ತಪ್ಪಿದ್ದರು. ಅಂಕ ಕೊಡುವ ಕಲಂ ಬೇಡ. ಮೊದಲ ವರ್ಷ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದೆವು. ಜಗಳ ಹುಟ್ಟಿದ್ದೇ ಆ ಕಲಂನಿಂದ.

"ಡಾಟರ್" ಎಂಬ ಹಾಡನ್ನು ಮಾತ್ರ ಎರಡು ಮೂರು ರಾತ್ರಿಗಳದ್ದು ಕೇಳಿ. ಅದರ ಕೊನೆಯ ಭಾಗವನ್ನು ತಂಡ ರಂಗದ ಮೇಲೆ ಲಂಬಿಸುತ್ತದೆ, ಅದರೊಳಗೆ ಬೇರೆಯವರ ಹಾಡಿನ ಸಾಲೊಂದು ನುಸುಳುತ್ತದೆ. ಯಾವ ರಾತ್ರಿ ಯಾವ ಸಾಲು ಎಂದು ಹುಡುಕುವುದರಲ್ಲಿ ಒಂದು ಭಾನುವಾರ ಕಳೆದದ್ದೇ ತಿಳಿಯುವುದಿಲ್ಲ.

ಇಂಗ್ಲಿಷ್ ತಿಳಿಯದಿದ್ದರೆ?

ನಮ್ಮ ಚಾವಡಿಯಲ್ಲಿ ಕನ್ನಡ, ತುಳು, ಮಲಯಾಳ, ಹವ್ಯಕ ನಾಲ್ಕೂ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. ಐದನೆಯ ಭಾಷೆಗೆ ಹೆದರುವ ಊರಲ್ಲ ಇದು. ಆದರೆ ವೆಡ್ಡರ್ ಉಚ್ಚಾರ ಇಂಗ್ಲಿಷ್ ಬಲ್ಲವರಿಗೂ ಕಷ್ಟ. ಮೊದಲ ಸಲ ಪದಗಳ ಹಾಳೆ ಕೊಡಬೇಡಿ. ಕೊಟ್ಟರೆ ಎಲ್ಲರೂ ಓದುತ್ತಾರೆ, ಕೇಳುವುದಿಲ್ಲ. ಎರಡನೆಯ ಸಲಕ್ಕೆ ಒಬ್ಬರು ಹಾಡಿನ ತಿರುಳನ್ನು ನಾಲ್ಕು ವಾಕ್ಯದಲ್ಲಿ ನಮ್ಮ ಮಾತಿನಲ್ಲಿ ಹೇಳಲಿ, ತಾಳಮದ್ದಳೆಯಲ್ಲಿ ಪದ್ಯಕ್ಕೆ ಅರ್ಥ ಹೇಳುವ ಅರ್ಥಧಾರಿಯ ಹಾಗೆ. ಸಾಲುಸಾಲಿಗೂ ಅನುವಾದ ಮಾಡಹೊರಟರೆ ಹಾಡು ಸತ್ತೇಹೋಗುತ್ತದೆ. ಪ್ರದರ್ಶನಗಳ ಕೊನೆಗೆ ಆಗಾಗ ಬರುವ "ಯೆಲ್ಲೋ ಲೆಡ್‌ಬೆಟರ್" ಎಂಬ ಹಾಡಿನ ಪದಗಳನ್ನಂತೂ ವೆಡ್ಡರ್ ರಾತ್ರಿಗೊಂದು ರೀತಿ ಹಾಡುತ್ತಾರೆ. ಅಲ್ಲಿ ಅರ್ಥ ಹುಡುಕುವುದನ್ನು ಬಿಟ್ಟು ಮೆಕ್‌ಕ್ರೆಡಿಯ ಗಿಟಾರ್ ಹಿಡಿದುಕೊಂಡರಾಯಿತು.

ಮಾತು ಕೆಡದಂತೆ

ತಂಡದ ಅಧಿಕೃತ ಅಭಿಮಾನಿ ಸಂಘ ಟೆನ್ ಕ್ಲಬ್‌ನಲ್ಲಿ ಹಳೆಯ ಸದಸ್ಯರಿಗೆ ಮುಂದಿನ ಸಾಲಿನ ಸೀಟು. ಕೂಟದಲ್ಲಿ ಇದನ್ನು ತಲೆಕೆಳಗು ಮಾಡಿ: ಹೊಸಬರು ಮೊದಲು ಮಾತನಾಡಲಿ, ಮೂವತ್ತು ವರ್ಷದಿಂದ ಕೇಳಿದವರು ಕೊನೆಗೆ. ನಾನು ಬಾಯಿ ತೆರೆದ ಮೇಲೆ ನನ್ನ ಭಾವನ ಮಗ, ಕಾಲೇಜು ಹುಡುಗ, ತನ್ನ ಅಭಿಪ್ರಾಯವನ್ನು ನುಂಗಿಕೊಳ್ಳುತ್ತಿದ್ದ. ಸರದಿ ಬದಲಿಸಿದ ವಾರ ಅವನು "ನೋ ಕೋಡ್" ಬಗ್ಗೆ ಹೇಳಿದ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಎರಡು ಸಂಗತಿಗಳನ್ನು ಮಾತ್ರ ಹಿರಿಯರೇ ಹೇಳಬೇಕು, ಅದೂ ಹಾಡು ಹಾಕುವ ಮೊದಲು. ಒಂದು ಟಿಕೆಟ್‌ನ ಜಗಳ. "ವರ್ಸಸ್" ಅಮೆರಿಕದಲ್ಲಿ ಮೊದಲ ಐದು ದಿನಗಳಲ್ಲೇ ಸುಮಾರು 9.5 ಲಕ್ಷ ಪ್ರತಿ ಮಾರಾಟವಾಗಿತ್ತು. ಅಷ್ಟು ಎತ್ತರದಲ್ಲಿದ್ದಾಗ, 1994ರಲ್ಲಿ, ಟಿಕೆಟ್‌ನ ಮೇಲೆ ಹೇರುವ ಸೇವಾ ಶುಲ್ಕದ ವಿರುದ್ಧ ತಂಡ ಟಿಕೆಟ್‌ಮಾಸ್ಟರ್ ಕಂಪನಿಯನ್ನು ಎದುರುಹಾಕಿಕೊಂಡಿತು. ಗೊಸಾರ್ಡ್ ಮತ್ತು ಅಮೆಂಟ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಮರುವರ್ಷ ಅಲ್ಲಿನ ನ್ಯಾಯ ಇಲಾಖೆ ತನಿಖೆ ಕೈಬಿಟ್ಟಿತು, ತಂಡ ಸೋತಿತು. ಡೇರೆಯ ಟಿಕೆಟ್ ಆಟವನ್ನೂ ಬಯಲಾಟವನ್ನೂ ಎರಡೂ ಕಂಡ ಊರಿನಲ್ಲಿ ಈ ಚರ್ಚೆ ತಾನಾಗಿ ಬಿಸಿಯೇರುತ್ತದೆ. ಏರಲಿ, ಈ ಬಿಸಿಯಿಂದ ಕೇಡಿಲ್ಲ.

ಇನ್ನೊಂದು 2000ದ ಜೂನ್ 30. ಡೆನ್ಮಾರ್ಕ್‌ನ ರಾಸ್ಕಿಲ್ಡೆ ಉತ್ಸವದಲ್ಲಿ ಇವರು ನುಡಿಸುತ್ತಿದ್ದಾಗ ಜನ ಮುಂದಕ್ಕೆ ನುಗ್ಗಿ, ನೂಕುನುಗ್ಗಲಿನಲ್ಲಿ ಒಂಬತ್ತು ಮಂದಿ ಸತ್ತರು. ತಂಡ ಚದುರಿಹೋಗುವ ಮಟ್ಟಕ್ಕೆ ಬಂದಿತ್ತು. 2002ರ "ರಯಟ್ ಆ್ಯಕ್ಟ್" ಅದರ ನಂತರದ ಆಲ್ಬಂ. ಇದನ್ನು ತಿಳಿಯದೆ ಕೇಳಿದರೆ ಅದರ ಭಾರ ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ. ಆ ವಾರ ಹಪ್ಪಳ ಕಾಯಿಸಲಿಲ್ಲ ನಾವು.

ಕೊನೆಯ ಭಾನುವಾರಕ್ಕೆ "ಡಾರ್ಕ್ ಮ್ಯಾಟರ್" ಬರುತ್ತದೆ. ಅರುವತ್ತರ ಆಸುಪಾಸಿನವರು ನುಡಿಸಿದ್ದು ಎಂದು ಮೊದಲೇ ಹೇಳಬೇಡಿ. ಕೇಳಿದ ಮೇಲೆ ಹೇಳಿ, ಮುಖ ನೋಡಿ. ಅದು ಮುಗಿದ ಮೇಲೆ ಯಾವುದಾದರೂ ರಾತ್ರಿಯ "ಯೆಲ್ಲೋ ಲೆಡ್‌ಬೆಟರ್" ಒಂದನ್ನು ಮಂಗಳದ ಲೆಕ್ಕದಲ್ಲಿ ಹಾಕಿ, ಸ್ಪೀಕರ್ ಒರೆಸಿ ಮೂಟೆ ಕಟ್ಟಿ. ನಾವು ಹಾಗೆ ಮಾಡಿದ ಮರುವಾರ ಊರಿನಲ್ಲಿ ಮೊದಲ ಸೇವೆಯಾಟ, ಅಂದರೆ ಹರಕೆಯ ಯಕ್ಷಗಾನ. ಟಾರ್ಚು, ಚಾಪೆ ಹಿಡಿದು ಹೊರಟಿದ್ದೆವು, ಮಾಷ್ಟ್ರು ತೋಟದ ಗೇಟಿನ ಬಳಿ ನಿಂತು, "ಪುಸ್ತಕ ತಂದಿದ್ದೀರಾ?" ಎಂದರು. ಇನ್ನೂ ಹನ್ನೊಂದು ಹಾಳೆ ಖಾಲಿ ಇದ್ದವು. ಹಿಂದಿರುಗಿ ಹೋಗಿ ತಂದೆ.